ಒಳಚಿಲಕ ಇಲ್ಲದ ಕೋಣೆ

“ನೀಲಿ ಶರ್ಟ್ ಹಾಕಿರೋನೇ, ಕೈ ತೆಗಿ!”

ಹೀಗೆ ಕೂಗಬೇಕು ಅಂತ ನಾನು ಹೇಳಿಕೊಡುತ್ತಿದ್ದೆ. ಬಸ್ಸಿನಲ್ಲೋ ಮಾರ್ಕೆಟ್ಟಿನಲ್ಲೋ ಯಾವನಾದರೂ ಮೈ ಮುಟ್ಟಿದಾಗ ಬರೀ ‘ಅಯ್ಯೋ’ ಅಂದರೆ ಒಬ್ಬರೂ ತಿರುಗಿ ನೋಡುವುದಿಲ್ಲ. ಶರ್ಟಿನ ಬಣ್ಣ ಹಿಡಿದು ಕೂಗಿದರೆ ಎಲ್ಲರ ಕಣ್ಣೂ ಅವನ ಮೇಲೇ ಬೀಳುತ್ತೆ, ಅವನಿಗೂ ಬೆವರು ಕಿತ್ತುಕೊಳ್ಳುತ್ತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ರಿಟೈರ್ ಆದವಳು ನಾನು. ಚಾಮರಾಜಪೇಟೆಯಲ್ಲಿ ನಾನು ಬೈದರೆ ಬಸವನಗುಡಿಗೆ ಕೇಳಿಸುತ್ತೆ ಅಂತ ಮನೆಯಲ್ಲಿ ಆಡಿಕೊಳ್ಳುತ್ತಾರೆ. ಕೂಗುವುದನ್ನು ಹೇಳಿಕೊಡೋಕೆ ನನಗಿಂತ ಬೇರೆ ಯಾರು ಬೇಕು ಅನ್ನೋ ಜಂಬ ನನಗಿತ್ತು.

ಅದು ಶನಿವಾರದ ತರಬೇತಿ. ಒಂದು ಸಣ್ಣ ಮಹಿಳಾ ಸಂಘದವರು ಚಾಮರಾಜಪೇಟೆಯ ಹಳೇ ಸಮುದಾಯ ಭವನದ ಮಹಡಿಯಲ್ಲಿ ನಡೆಸುತ್ತಿದ್ದರು. ಹೆಂಗಸರು ತಮ್ಮನ್ನು ತಾವು ಕಾಪಾಡಿಕೊಳ್ಳುವುದು ಹೇಗೆ ಅಂತ. ಬರುತ್ತಿದ್ದವರು ಹದಿನೈದು ಜನ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟವರು, ಕತ್ತಲಿರುವಾಗಲೇ ಎದ್ದು ಬೀದಿ ಗುಡಿಸಲು ಹೋಗುವವರು, ಶ್ರೀರಾಂಪುರದಿಂದ ಊರುಗೋಲು ಹಿಡಿದು ಎರಡು ಬಸ್ಸು ಬದಲಾಯಿಸಿ ಬರುವ ಅಕ್ಕತಂಗಿಯರು, ಕಿವಿ ಕೇಳದ ಒಬ್ಬ ಹುಡುಗಿ. ಮತ್ತೆ ಅವಳು.

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ವಯಸ್ಸು ಮೂವತ್ತನಾಲ್ಕು. ಬಸವನಗುಡಿಯ ಒಂದು ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ, ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ. ನನ್ನ ನೀಲಿ ಶರ್ಟಿನ ಪಾಠ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, ಕೊನೆಗೆ ಕೈ ಎತ್ತಿದಳು.

“ಮೇಡಂ, ನಂಗೆ ನೀಲಿ ಅಂದ್ರೇನು ಅಂತಾನೇ ಗೊತ್ತಿಲ್ವಲ್ಲ. ಏನಂತ ಕೂಗ್ಲಿ?”

ಹಾಲ್ ಗೊಳ್ಳೆಂದು ನಕ್ಕಿತು. ನಾನು ನಾಲಿಗೆ ಕಚ್ಚಿಕೊಂಡೆ. “ನಿನಗೇನು ಗೊತ್ತಾಗುತ್ತೋ ಅದನ್ನೇ ಕೂಗು ಮಾರಾಯ್ತಿ,” ಅಂದೆ. ಅವಳು ಒಂದು ಕ್ಷಣ ಯೋಚಿಸಿ, ಗೋಡೆ ನಡುಗುವ ಹಾಗೆ, “ಗುಟ್ಕಾ ವಾಸನೆಯೋನೇ, ಕೈ ತೆಗಿ!” ಅಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅವತ್ತಿನಿಂದ ಅವಳೆಂದರೆ ನನಗೆ ಪ್ರಾಣ.

ಇನ್ನೊಂದು ಅಭ್ಯಾಸ ಇತ್ತು. ಒಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇನ್ನೊಬ್ಬರು ಬರಿಗಾಲಲ್ಲಿ ಸದ್ದಿಲ್ಲದೆ ಹಿಂದಿನಿಂದ ಬರಬೇಕು. ಯಾರೋ ಹತ್ತಿರ ಬಂದರು ಅನಿಸಿದ ತಕ್ಷಣ ನಿಂತವರು ತಿರುಗಿ, ಕೈ ಚಾಚಿ, “ನಿಲ್ಲಿ! ಯಾರು?” ಅನ್ನಬೇಕು. ಕಣ್ಣಿದ್ದ ನಾವೆಲ್ಲ ಹತ್ತಕ್ಕೆ ಎಂಟು ಸಲ ಸೋತೆವು. ಅವಳು ಒಂದು ಸಲವೂ ಸೋಲಲಿಲ್ಲ. “ಹೆಂಗೆ ಗೊತ್ತಾಗುತ್ತೆ ನಿಂಗೆ?” ಅಂದರೆ, “ಫ್ಯಾನಿನ ಸದ್ದು ಒಂಚೂರು ಮಂದ ಆಗುತ್ತೆ ಮೇಡಂ, ಮಧ್ಯೆ ಯಾರೋ ನಿಂತ್ರೆ,” ಅಂದಳು. ನಾನು ಅರ್ಧ ಗಂಟೆ ಕಣ್ಣು ಮುಚ್ಚಿ ಫ್ಯಾನ್ ಕೇಳಿದೆ. ನನಗೆ ಕೇಳಿಸಿದ್ದು ಬರೀ ಫ್ಯಾನು.

ಮೂರನೇ ಶನಿವಾರ ನಡೆದದ್ದನ್ನು ಹೇಳಬೇಕು. ಹೇಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳುತ್ತೇನೆ.

ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಮ್ಮಲ್ಲಿ ಯಾರೂ ಇನ್ನೂ ಹೆಜ್ಜೆ ಇಟ್ಟಿರಲಿಲ್ಲ. ಅವಳು ತಟ್ಟನೆ ಎಡಕ್ಕೆ, ಮೆಟ್ಟಿಲಿನ ಕಡೆಗೆ ತಿರುಗಿ, ಕೈ ಚಾಚಿ, “ನಿಲ್ಲಿ! ಯಾರು?” ಅಂದಳು. ಅಲ್ಲಿ ಅವಳ ಅಣ್ಣ ನಿಂತಿದ್ದರು. ಮತ್ತಿಕೆರೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವವರು, ಸಾಧು ಮನುಷ್ಯ, ಪ್ರತಿ ಶನಿವಾರ ತಂಗಿಯನ್ನು ಮನೆ ಮುಟ್ಟಿಸಲು ಬರುತ್ತಿದ್ದರು. ಅವತ್ತು ಬೇಗ ಬಂದು, ಚಪ್ಪಲಿ ಕೆಳಗೇ ಬಿಟ್ಟು, ಸದ್ದಿಲ್ಲದೆ ಮೇಲೆ ಬಂದಿದ್ದರು. ಒಂದು ಕೈಯಲ್ಲಿ ಫೋನು. ನನ್ನನ್ನು ನೋಡಿ ನಕ್ಕು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟರು. ಹೇಳಬೇಡಿ ಅಂತ.

ನಾನೂ ನಕ್ಕೆ. ಏನೋ ತಮಾಷೆ ಅಂದುಕೊಂಡೆ. “ಯಾರೂ ಇಲ್ಲಮ್ಮ. ಇವತ್ತು ನಿನ್ನ ಅಂದಾಜು ತಪ್ಪಿತು ನೋಡು!” ಅಂದೆ. ಹಾಲ್‌ನಲ್ಲಿದ್ದ ಅಷ್ಟೂ ಹೆಂಗಸರು ಅವರನ್ನು ನೋಡಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಅವಳ ಚಾಚಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಅಣ್ಣ ಮೆಟ್ಟಿಲಿಳಿದು ಹೋಗಿ, ಚಪ್ಪಲಿ ಮೆಟ್ಟಿಕೊಂಡು, ಧಪಧಪ ಸದ್ದು ಮಾಡುತ್ತಾ ಮತ್ತೆ ಹತ್ತಿ ಬಂದು, “ಮುಗೀತಾ ಕ್ಲಾಸು?” ಅಂದರು. ಅವಳು ಅವರ ತೋಳು ಹಿಡಿದುಕೊಂಡು ಹೊರಟಳು.

ಮುಂದಿನ ಶನಿವಾರ ಅವಳು ಅರ್ಧ ಗಂಟೆ ಮುಂಚೆಯೇ ಬಂದಿದ್ದಳು. ನಾನು ಚಾಪೆ ಹಾಸುತ್ತಿದ್ದೆ. “ಬಾಗಿಲು ಹಾಕಿ ಮೇಡಂ,” ಅಂದಳು. ಹಾಕಿದೆ. “ಬೇರೆ ಯಾರೂ ಇಲ್ಲ ತಾನೆ?” ಅಂದಳು. ಇಲ್ಲ ಅಂದೆ. ಮತ್ತೆ ಕೇಳಿದಳು. ಮತ್ತೆ ಇಲ್ಲ ಅಂದೆ.

“ನನ್ನ ಮನೇಲಿ ಯಾರೋ ಬಂದು ನಿಂತ್ಕೋತಾರೆ,” ಅಂದಳು.

ಅವಳ ಮನೆ ಅಂದರೆ ಅಲ್ಲೇ ಚಾಮರಾಜಪೇಟೆಯ ಒಂದು ವಠಾರದಲ್ಲಿ ಒಂದೇ ಕೋಣೆ. ನಡುವೆ ಅಂಗಳ, ಸುತ್ತ ಆರೇಳು ಬಾಡಿಗೆ ಮನೆ, ಮುಂದುಗಡೆ ಮನೆ ಓನರಮ್ಮ. ತಾಯಿ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಹೋಗದೆ, ಹಟ ಹಿಡಿದು, ಒಂದು ವರ್ಷದಿಂದ ಒಬ್ಬಳೇ ಇದ್ದಳು. ಮಧ್ಯಾಹ್ನ ಕೆಲಸ ಮುಗಿಸಿ ಬಂದು ಊಟ ಮಾಡಿ ಮಲಗುವ ಹೊತ್ತಿಗೆ ಯಾರೋ ಒಳಗೆ ಬರುತ್ತಾರೆ. ಮಾತಿಲ್ಲ, ಸದ್ದಿಲ್ಲ. ಸುಮ್ಮನೆ ನಿಲ್ಲುತ್ತಾರೆ. ಯಾರು ಅಂದರೆ ಉತ್ತರ ಇಲ್ಲ. ಕೈ ಚಾಚಿದರೆ ಹಿಂದಕ್ಕೆ ಸರಿಯುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಇರುವುದಿಲ್ಲ.

“ದಿನಾ ಒಂದೇ ಥರ ಇರಲ್ಲ ಮೇಡಂ ಅದು. ಒಂದಿನ ಎತ್ತರ ಇರುತ್ತೆ, ಒಂದಿನ ಗಿಡ್ಡ. ಒಂದಿನ ಮಲ್ಲಿಗೆ ವಾಸನೆ, ಒಂದಿನ ಫಿನಾಯಿಲು. ಒಂದ್ಸಲ ಎರಡು ಉಸಿರು ಕೇಳಿಸ್ತು. ಒಂದು ದೊಡ್ಡದು, ಒಂದು ಚಿಕ್ಕದು.”

“ಬಾಗಿಲಿಗೆ ಚಿಲಕ ಹಾಕ್ಕೊಳ್ಳಲ್ವೇನೇ?” ಅಂತ ರೇಗಿದೆ. ಹೆದರಿಕೆಯಾದರೆ ನನಗೆ ಬರುವುದು ಕೋಪವೇ.

ಒಳಗೆ ಚಿಲಕವೇ ಇರಲಿಲ್ಲ. ಒಬ್ಬಳೇ ಇರೋಕೆ ಅಣ್ಣ ಒಪ್ಪಿದ್ದು ಆ ಷರತ್ತಿನ ಮೇಲೆ. ಎಲ್ಲಾದರೂ ಜಾರಿ ಬಿದ್ದರೆ ನಾವು ಒಳಗೆ ಬರೋದು ಹೇಗೆ ಅಂತ ಹೇಳಿ, ಮನೆ ಹೊಕ್ಕ ದಿನವೇ ತಮ್ಮ ಕೈಯಾರೆ ಚಿಲಕ ಬಿಚ್ಚಿಕೊಂಡು ಹೋಗಿದ್ದರಂತೆ. ಇನ್ನೊಂದು ಷರತ್ತೂ ಇತ್ತು. ಒಂದೇ ಒಂದು ಸಲ ಹೆದರಿದೆ ಅಂತ ಗೊತ್ತಾದರೂ ಸಾಮಾನು ಕಟ್ಟಿ ಮತ್ತಿಕೆರೆಗೆ ಬರಬೇಕು. ಅಲ್ಲಿಂದ ಏಳು ಗಂಟೆಗೆ ಬಸವನಗುಡಿ ಮುಟ್ಟುವುದು ಅವಳಿಂದ ಆಗದ ಮಾತು. ಕೆಲಸ ಬಿಟ್ಟ ಹಾಗೇ.

“ಹೇಳಿದ್ರೆ ಮನೆ ಹೋಗುತ್ತೆ, ಕೆಲಸ ಹೋಗುತ್ತೆ. ಹೇಳ್ದೇ ಇದ್ರೆ ಯಾವತ್ತು ಮೈ ಮುಟ್ಟುತ್ತೋ ಅಂತ ಕಾಯ್ಕೊಂಡಿರ್ಬೇಕು. ಓನರಮ್ಮನ್ನ ಕೇಳ್ದೆ. ಯಾರೂ ಬಂದಿಲ್ವಲ್ಲೇ, ನಿಂಗೆ ಭ್ರಮೆ ಅಂದ್ರು. ಆ ಕೋಣೇಲಿ ಹಿಂದೆ ಒಬ್ಬ ಅಜ್ಜಿ ತೀರ್ಕೊಂಡಿದ್ರಂತೆ. ವಠಾರದೋರೆಲ್ಲ ಸೇರಿ ಧೂಪ ಹಾಕಿದ್ರು, ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ರು, ನನ್ನ ತೋಳಿಗೆ ತಾಯಿತ ಕಟ್ಟಿದ್ರು. ಮಾರನೇ ದಿನಾನೂ ಬಂತು.”

ಅವಳು ದಡ್ಡಿಯಲ್ಲ. ಒಂದು ದಿನ ಹೊಸ್ತಿಲಿನ ಒಳಗೆ ತೆಳ್ಳಗೆ ರಾಗಿಹಿಟ್ಟು ಹರಡಿ ಮಲಗಿದ್ದಳಂತೆ, ಎದ್ದ ಮೇಲೆ ಬೆರಳಲ್ಲಿ ಸವರಿ ಹೆಜ್ಜೆ ಗುರುತು ಹುಡುಕೋಣ ಅಂತ.

“ಸಿಕ್ತಾ?”

“ಹಿಟ್ಟೇ ಇರ್ಲಿಲ್ಲ ಮೇಡಂ. ನೆಲ ನುಣ್ಣಗಿತ್ತು.”

ಆಮೇಲೆ ಅವಳು ಅಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. “ಇಷ್ಟು ದಿನ ನನ್ನ ಕಿವಿ ಮೇಲೆ ನಂಗೆ ನಂಬಿಕೆ ಇತ್ತು. ಹೋದ್ ವಾರ ಇಲ್ಲಿ ಮೆಟ್ಟಿಲ ಹತ್ರ ಯಾರೋ ಇದಾರೆ ಅಂದೆ, ನೀವು ಯಾರೂ ಇಲ್ಲ ಅಂದ್ರಿ. ಅವತ್ತಿಂದ ನಂಗೆ ತಲೆ ಕೆಟ್ಟಿರ್ಬೇಕು ಅನ್ನಿಸ್ತಿದೆ.”

ಆಗಲೇ ಹೇಳಬಹುದಿತ್ತು. ನಿನ್ನ ಅಣ್ಣ ಇದ್ದರು ಕಣೇ, ನಾನು ಸುಳ್ಳು ಹೇಳಿದೆ ಅಂತ. ಒಂದು ಮಾತು ಸಾಕಿತ್ತು. ಇಡೀ ಸ್ಕೂಲನ್ನು ನಡುಗಿಸಿದ ಬಾಯಿಗೆ ಬೀಗ ಬಿದ್ದಿತ್ತು. “ನಾನೇ ಬಂದು ನೋಡ್ತೀನಿ,” ಅಂದೆ ಅಷ್ಟೆ.

ಬುಧವಾರ ಹೋದೆ. ಅವಳು ಬರುವ ಮೊದಲೇ, ವಠಾರದವರೆಲ್ಲ ಊಟಕ್ಕೆ ಕೂತಿರುವ ಹೊತ್ತು ನೋಡಿ, ಅವಳು ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಸೇರಿಕೊಂಡೆ. ಸಣ್ಣ ಕೋಣೆ. ಒಂದು ಮಂಚ, ಒಂದು ಗ್ಯಾಸ್ ಒಲೆ, ಬಟ್ಟೆ ಹಗ್ಗ, ಮೂಲೆಯಲ್ಲಿ ಸ್ನಾನದ ಜಾಗ, ಅದಕ್ಕೊಂದು ಪ್ಲಾಸ್ಟಿಕ್ ಪರದೆ. ಬಾಗಿಲ ಚೌಕಟ್ಟಿಗೆ ನಿಂಬೆಹಣ್ಣು ಒಣಗಿ ಕಪ್ಪಾಗಿ ನೇತಾಡುತ್ತಿತ್ತು. ಬಾಗಿಲ ಒಳಮೈಯಲ್ಲಿ ಚಿಲಕ ಬಿಚ್ಚಿದ ನಾಲ್ಕು ತೂತುಗಳು. ಒಲೆಯ ಪಕ್ಕದ ಮೂಲೆಯಲ್ಲಿ, ಹಗ್ಗದಲ್ಲಿ ಒಣಗಿದ್ದ ಸೀರೆಯ ಮರೆಗೆ, ಒಂದು ಸ್ಟೂಲಿನ ಮೇಲೆ ಕೂತೆ. ಅಷ್ಟರಲ್ಲಿ ಅವಳೂ ಬಂದಳು. ಬಾಗಿಲು ಒರಗಿಸಿ, ಊಟ ಮಾಡಿ, ತಟ್ಟೆ ತೊಳೆದು, ಮಂಚದ ಮೇಲೆ ಕೂತು ಬಟ್ಟೆ ಮಡಚತೊಡಗಿದಳು. ಮೊದಲೇ ಮಾತಾಡಿಕೊಂಡಂತೆ ಇಬ್ಬರೂ ಮಾತಿಲ್ಲ.

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರ ಮನೆಯಲ್ಲೋ ಕುಕ್ಕರ್ ಕೂಗಿ ನಿಂತಿತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಆಮೇಲೆ ವಠಾರ ಪೂರ್ತಿ ಮಲಗಿದ ಹಾಗೆ ಸ್ತಬ್ಧವಾಯಿತು. ಎಷ್ಟು ಹೊತ್ತಾಯಿತೋ, ನನ್ನ ಕಣ್ಣು ಎಳೆಯುತ್ತಿತ್ತು.

ಅವಳ ಕೈ ನಿಂತಿತು.

ರವಿಕೆ ಅರ್ಧ ಮಡಚಿದ್ದ ಕೈ ಹಾಗೇ ನಿಂತಿತು. ಬಾಗಿಲ ಕಡೆ ನೋಡಿದೆ. ಸಂದಿ ಸ್ವಲ್ಪ ಅಗಲವಾಗುತ್ತಿತ್ತು. ಬಾಗಿಲ ಕೀಲುಗಳಿಗೆ ಚೆನ್ನಾಗಿ ಎಣ್ಣೆ ಬಿಟ್ಟಿರಬೇಕು, ಒಂದು ಚೂರೂ ಕಿರ್ ಅನ್ನಲಿಲ್ಲ. ಮೊದಲು ಒಂದು ಪಾದ ಒಳಗೆ ಬಂತು. ಹೆಂಗಸಿನ ಪಾದ, ಅರಿಶಿನ ಹಚ್ಚಿದ್ದು, ಕಾಲುಂಗುರ ಇದ್ದದ್ದು. ಆ ಪಾದ ಬೆರಳ ತುದಿಯಲ್ಲಿ ನೆಲ ಮುಟ್ಟಿ ಆಮೇಲೆ ಹಿಮ್ಮಡಿ ಊರಿತು.

ಓನರಮ್ಮ. ಬೀದಿಯಲ್ಲಿ ನೋಡಿ ಮುಖ ಗೊತ್ತಿತ್ತು. ಅರವತ್ತರ ಹತ್ತಿರದವರು, ದೊಡ್ಡ ಕುಂಕುಮ, ಅಂಗಳದಲ್ಲಿ ಎದುರಾದಾಗಲೆಲ್ಲ “ಕಾಫಿ ಕುಡ್ಕೊಂಡು ಹೋಗೇ” ಅನ್ನುವವರು ಅಂತ ಅವಳೇ ಹೇಳಿದ್ದಳು. ಬಳೆಗಳು ಸದ್ದಾಗದಿರಲಿ ಅಂತ ಮೊಣಕೈವರೆಗೆ ಸರಿಸಿ ಸೆರಗಿನಿಂದ ಸುತ್ತಿ ಹಿಡಿದಿದ್ದರು. ಮಂಚದ ಹತ್ತಿರ ಬಂದು, ಒಂದು ಮೊಳ ದೂರದಲ್ಲಿ ಬಗ್ಗಿ, ಅವಳ ಮುಖವನ್ನೇ ನೋಡಿದರು. ಅವಳ ಕಣ್ಣು ಅವರ ಕಣ್ಣಿಗೆ ನೇರವಾಗಿತ್ತು. ಅವಳ ತುಟಿ ಅದುರುತ್ತಿತ್ತು. ಇವರು ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು. ಆಮೇಲೆ ಸೊಂಟದಿಂದ ಫೋನ್ ತೆಗೆದು ಎತ್ತಿ ಹಿಡಿದರು. ಫೋನೂ ಸದ್ದು ಮಾಡಲಿಲ್ಲ. ಅಲ್ಲಿಂದ ಒಲೆಯ ಕಡೆ ತಿರುಗಿ, ಪಾತ್ರೆಯ ಮುಚ್ಚಳವನ್ನು ಎರಡು ಬೆರಳಲ್ಲಿ ಎತ್ತಿ, ಏನು ಅಡುಗೆ ಅಂತ ನೋಡಿ, ಹಾಗೇ ಮುಚ್ಚಿದರು.

ಆಗ ನನ್ನನ್ನು ಕಂಡರು.

ಒಂದು ಸಲ ಬೆಚ್ಚಿಬಿದ್ದರು. ಮರುಕ್ಷಣ ಮುಖದಲ್ಲಿ ನಗು ಬಂತು, ಮದುವೆ ಮನೆಯಲ್ಲಿ ಪರಿಚಯದವರು ಸಿಕ್ಕಾಗ ಬರುತ್ತಲ್ಲ ಅಂಥದ್ದೇ ನಗು. ಬೆರಳನ್ನು ತುಟಿಯ ಮೇಲಿಟ್ಟರು.

ನಾನು ಏನು ಮಾಡಿದೆ ಗೊತ್ತಾ? ನಾನೂ ನಕ್ಕೆ. ಥೂ ನನ್ನ ಜನ್ಮಕ್ಕೆ! ಎದುರಿಗಿದ್ದವರು ನಕ್ಕರೆ ನಗಬೇಕು ಅಂತ ಅರವತ್ತೊಂದು ವರ್ಷ ಕಲಿತ ಮುಖ ಅದು, ತನ್ನಷ್ಟಕ್ಕೆ ನಕ್ಕುಬಿಟ್ಟಿತು.

“ಮೇಡಂ,” ಅಂದಳು ಅವಳು ಸಣ್ಣ ದನಿಯಲ್ಲಿ. “ಯಾರಾದ್ರೂ ಇದಾರಾ?”

ಓನರಮ್ಮ ನನ್ನನ್ನು ನೋಡುತ್ತಾ ಇಲ್ಲ ಇಲ್ಲ ಅಂತ ತಲೆ ಆಡಿಸಿದರು. ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ನಾಲಿಗೆ ಆ ಕಡೆಗೇ ಹೊರಟಿತ್ತು. ಅಷ್ಟು ಸಲೀಸು ಅದು. ಎದುರಿಗಿರುವವರು ಕಣ್ಣಲ್ಲಿ ಹೇಳಿದ್ದನ್ನು ಮೀರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

“ಇದಾರೆ,” ಅಂದೆ. “ನಿನ್ನ ಓನರಮ್ಮ. ಒಲೆ ಹತ್ರ, ನಿನ್ನ ಬಲಗಡೆ. ಪಾತ್ರೆ ಮುಚ್ಚಳ ತೆಗೆದು ನೋಡಿದ್ರು.”

ಅವಳು ಕಿರುಚಲಿಲ್ಲ. ರವಿಕೆಯನ್ನು ಪೂರ್ತಿ ಮಡಚಿ ಪಕ್ಕಕ್ಕಿಟ್ಟಳು. “ಇವತ್ತು ಅವರು,” ಅಂದಳು. “ನಿನ್ನೆ ಯಾರು?”

ಆಮೇಲೆ ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಆ ಕಿರುಚಾಟಕ್ಕೆ ವಠಾರದ ಬಾಗಿಲುಗಳೆಲ್ಲ ತೆರೆದುಕೊಂಡವು. ಆರು ಜನ ಹೆಂಗಸರು ಬಂದು ಹೊಸ್ತಿಲ ಹತ್ತಿರ ನಿಂತರು. ಹೂ ಕಟ್ಟುವವರು, ಆಫೀಸು ತೊಳೆಯಲು ಹೋಗುವವರು, ಕಂಕುಳಲ್ಲಿ ಕೂಸಿದ್ದ ಒಬ್ಬರು. ಯಾರೂ ಕೆಟ್ಟವರಲ್ಲ. ಅದೇ ನನ್ನನ್ನು ಇವತ್ತಿಗೂ ಹೆದರಿಸುವುದು.

“ನಾವೇನ್ರೀ ತಪ್ಪು ಮಾಡಿದ್ವಿ?” ಅಂತ ಓನರಮ್ಮನೇ ಅತ್ತರು. “ಅವರಣ್ಣಾನೇ ಕೈ ಮುಗಿದು ಕೇಳ್ಕೊಂಡಿದ್ದು. ಅವಳಿಗೆ ಹೇಳ್ಬೇಡಿ, ಹೇಳಿದ್ರೆ ಬೇಜಾರು ಮಾಡ್ಕೋತಾಳೆ, ದಿನಾ ಒಂದ್ಸಲ ಸುಮ್ನೆ ಇಣುಕಿ ನೋಡಿ ಒಂದು ಫೋಟೋ ಹಾಕ್ಬಿಡಿ ಅಂತ. ಹೆತ್ತ ಮಗಳ ಹಾಗೆ ನೋಡ್ಕೊಂಡಿದೀವಿ. ಕೊಟ್ಟ ಭಾಷೆ ತಪ್ಪಬಾರದು ಅಂತ ಹೇಳ್ಲಿಲ್ಲ.”

“ಆ ಧೂಪ? ಆ ನಿಂಬೆಹಣ್ಣು?” ಅಂದೆ.

“ಹೆದರ್ಕೊಂಡಿದ್ಲಲ್ಲ ಪಾಪ. ಧೈರ್ಯ ಬರ್ಲಿ ಅಂತ.”

“ರಾಗಿಹಿಟ್ಟು?” ಅಂದಳು ಅವಳು.

ಹೂ ಕಟ್ಟುವವರು ತಲೆ ತಗ್ಗಿಸಿದರು. “ಕಾಣ್ದೆ ಚೆಲ್ಕೊಂಡಿದೀಯ ಅಂದ್ಕೊಂಡೆ ಕಣಮ್ಮ. ಜಾರ್ತೀಯ ಅಂತ ಒರೆಸ್ದೆ.”

ಅಣ್ಣನಿಗೆ ಫೋನ್ ಹೋಯಿತು. ಅವರು ಮತ್ತಿಕೆರೆಯಿಂದ ಬರುವವರೆಗೆ ನಾನು ಓನರಮ್ಮನ ಫೋನ್ ಇಸಿದುಕೊಂಡು ನೋಡಿದೆ. ಅಣ್ಣ, ಅತ್ತಿಗೆ, ವಠಾರದ ಹೆಂಗಸರು ಇದ್ದ ಒಂದು ಗ್ರೂಪು. ಅದರಲ್ಲಿ ಅವಳ ಫೋಟೋಗಳು, ದಿನಕ್ಕೊಂದು, ಒಂದು ವರ್ಷದ್ದು. ಊಟ ಮಾಡುವುದು. ಒದ್ದೆ ತಲೆ ಬಾಚಿಕೊಳ್ಳುವುದು. ಪರದೆಯ ಸಂದಿಯಿಂದ ಸೀರೆ ಉಡುವುದು. ಮಲಗಿರುವುದು, ಕಣ್ಣು ಅಗಲ ತೆರೆದುಕೊಂಡು. ಪ್ರತಿಯೊಂದರ ಕೆಳಗೂ ಅಣ್ಣನ ಕೈ ಮುಗಿದ ಗುರುತು.

ಮೇಲಕ್ಕೆ ಸರಿಸುತ್ತಾ ಹೋದೆ. ಪ್ರತಿ ಫೋಟೋದಲ್ಲೂ ಅವಳು ಕ್ಯಾಮೆರಾ ಕಡೆಗೇ ನೋಡುತ್ತಿದ್ದಳು. ಯಾರು ತೆಗೆದಿರಲಿ, ಬಾಗಿಲಿಂದ ತೆಗೆದಿರಲಿ, ಕಿಟಕಿ ಪಕ್ಕದಿಂದ ತೆಗೆದಿರಲಿ, ಮಂಚದ ಕಾಲ ಹತ್ತಿರ ಕೂತು ತೆಗೆದಿರಲಿ, ಆ ಮುಖ ಅಲ್ಲಿಗೇ ತಿರುಗಿತ್ತು. ಒಂದೂ ತಪ್ಪಿರಲಿಲ್ಲ. ಒಂದು ವರ್ಷ ಪೂರ್ತಿ ಅವಳು ನೆಟ್ಟಗೆ ಅವರನ್ನೇ ನೋಡಿದ್ದಳು. ಕಣ್ಣಿದ್ದ ಒಬ್ಬರಿಗೂ ಅದು ಕಂಡಿರಲಿಲ್ಲ.

ಅಣ್ಣ ಬೆವರು ಸುರಿಸುತ್ತಾ ಬಂದರು. ಬಂದವರೇ, “ಹೆದರಿಕೆ ಆಗ್ತಿದೆ ಅಂದ್ಯಂತೆ? ನಾನು ಮೊದಲೇ ಹೇಳಿರ್ಲಿಲ್ವಾ? ಎದ್ದೇಳು, ಬಟ್ಟೆ ಕಟ್ಕೋ. ಆಟೋ ನಿಲ್ಸಿದೀನಿ,” ಅಂದರು. ಮಂಚದ ಕೆಳಗಿದ್ದ ಬ್ಯಾಗನ್ನು ಅವರೇ ಎಳೆದರು.

ಅವಳು ಏಳಲಿಲ್ಲ. “ಮೇಡಂ, ಆ ಫೋಟೋಗಳಲ್ಲಿ ಏನಿದೆ ಅಂತ ಒಂದೊಂದೇ ಹೇಳಿ,” ಅಂದಳು.

ಹೇಳಿದೆ. ಎಲ್ಲರ ಎದುರಿಗೂ ಪುಸ್ತಕ ಓದುವ ಹಾಗೆ ಹೇಳಿದೆ. ಸೋಮವಾರ, ಕಿಟಕಿ ಹತ್ತಿರದಿಂದ, ನೀನು ಕಿಟಕಿ ಕಡೆ ನೋಡ್ತಿದೀಯ. ಮಂಗಳವಾರ, ಬಾಗಿಲಿಂದ, ನೀನು ಬಾಗಿಲ ಕಡೆ ನೋಡ್ತಿದೀಯ. ಬ್ಯಾಗಿನ ಜಿಪ್ ಎಳೆಯುತ್ತಿದ್ದ ಅಣ್ಣನ ಕೈ ನಿಂತಿತು. ಕೂಸಿದ್ದ ಹೆಂಗಸು ಅಳತೊಡಗಿದಳು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುಂದಿನದು ಹೇಳಲು ಧೈರ್ಯ ಇರುವುದಿಲ್ಲ ಅಂತ ಗೊತ್ತಿತ್ತು.

“ಇದು ನಮ್ಮ ಕ್ಲಾಸಿನ ಹಾಲ್,” ಅಂದೆ. “ಮೆಟ್ಟಿಲ ಹತ್ರದಿಂದ ನಿನ್ನಣ್ಣ ತೆಗ್ದಿದ್ದು. ನೀನು ಸರಿಯಾಗಿ ಅವರ ಎದೆಗೇ ಕೈ ಚಾಚಿದೀಯ. ನಿನ್ನ ಹಿಂದೆ ನಾನಿದೀನಿ. ನಾನು ನಗ್ತಿದೀನಿ.”

ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಫ್ಯಾನು ತಿರುಗುವ ಸದ್ದು ನನಗೆ ಆಗ ಚೆನ್ನಾಗಿ ಕೇಳಿಸಿತು.

“ಅಂದ್ರೆ ನನ್ನ ಕಿವಿ ಸರಿಯಾಗೇ ಇದೆ,” ಅಂದಳು ಕೊನೆಗೆ. ಆಮೇಲೆ ಅಣ್ಣನ ಕಡೆ ತಿರುಗಿ, “ನಂಗೆ ಹೆದರಿಕೆ ಆಗಿದ್ದು ನಿಜ ಅಣ್ಣ. ಆದ್ರೆ ಯಾರಿಂದ? ನಿನ್ನಿಂದ. ಯಾರಿಂದ ಹೆದರಿದ್ನೋ ಅವರ ಮನೆಗೇ ಬಂದಿರು ಅಂತೀಯಲ್ಲ. ಅಲ್ಲಿ ಎಷ್ಟು ಜನ ನಿಂತ್ಕೋತೀರ?” ಅಂದಳು.

ಅಣ್ಣ ಬಾಯಿ ತೆರೆದರು. ಬ್ಯಾಗ್ ಹಿಡಿದು ಹಾಗೇ ನಿಂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಸದ್ದಿಲ್ಲದ ಅಳು. ಅವಳು ಸ್ವಲ್ಪ ಹೊತ್ತು ಕಾದಳು. ಅವಳ ಮುಖದಲ್ಲಿ ಅದೇ ಫೋಟೋಗಳ ಮುಖ ಮೆಲ್ಲಗೆ ಮೂಡತೊಡಗಿತು.

“ಅಣ್ಣ, ಇದೀಯಾ?”

“ಮಾತಾಡ್ರೀ!” ಅಂತ ನಾನು ಅವರನ್ನು ಗದರಿಸಿದೆ.

“ಇದೀನಿ,” ಅಂದರು. “ಇಲ್ಲೇ ಇದೀನಿ ಪುಟ್ಟಿ. ನಿನ್ನ ಮುಂದೆ.”

“ಆ ಚಿಲಕ ಹಾಕ್ಕೊಡು,” ಅಂದಳು. “ಇವತ್ತೇ. ನಾನು ಎಲ್ಲಿಗೂ ಬರಲ್ಲ.”

ಅವರು ಎದುರು ಮಾತಾಡಲಿಲ್ಲ. ಆಟೋದವನನ್ನು ಕಳಿಸಿಬಿಟ್ಟು, ಅದೇ ರಸ್ತೆಯ ತುದಿಯ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಚಿಲಕ ತಂದರು. ಹಳೇ ತೂತುಗಳಿಗೇ ಸ್ಕ್ರೂ ಕೂರಿಸಿ ತಿರುಗಿಸಿದರು. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ಅದು ಉರುಳಿ ಹೋದದ್ದು ಎಲ್ಲಿಗೆ ಅಂತ ಅವಳೇ ಹೇಳಿದಳು. ಓನರಮ್ಮ ಫೋನಿನಿಂದ ಫೋಟೋಗಳನ್ನೆಲ್ಲ ಅಳಿಸಿದರು, ನಾನು ಪಕ್ಕದಲ್ಲಿ ನಿಂತು ನೋಡಿ, ಅಳಿಸಿದ್ದಾರೆ ಅಂತ ಅವಳಿಗೆ ಹೇಳಿದೆ. ಅವಳು ಹೂಂ ಅಂದಳು. ಆ ಹೂಂನಲ್ಲಿ ಏನೂ ಇರಲಿಲ್ಲ.

ಚಿಲಕ ಕೂತ ಮೇಲೆ ಅವಳು ಅದನ್ನು ನಾಲ್ಕೈದು ಸಲ ಸರಿಸಿ ನೋಡಿದಳು. “ಈಗ ಎಲ್ರೂ ಹೊರಗೆ ಹೋಗಿ,” ಅಂದಳು. ಹೆಂಗಸರು ಹೋದರು. ಅಣ್ಣ ಹೋದರು. ಕೊನೆಯಲ್ಲಿ ನಾನು, ಬೇಕೆಂದೇ ಚಪ್ಪಲಿ ಜೋರಾಗಿ ಎಳೆಯುತ್ತಾ ಹೊಸ್ತಿಲು ದಾಟಿದೆ. ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿತ್ತು.

ಸಂಜೆ ಬಿಸಿಲು ಅಂಗಳಕ್ಕೆ ಬಂದಿತ್ತು. ನಾವು ಒಂಬತ್ತು ಜನ ಆ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆವು. ಯಾರಿಗೂ ಹೊರಡಲು ಮನಸ್ಸಿಲ್ಲ.

ಒಳಗಿಂದ ಅವಳ ದನಿ ಬಂತು. “ಎಲ್ರೂ ಹೋದ್ರಾ ಮೇಡಂ?”

“ಎಲ್ಲಾ ಹೊರಗಿದೀವಮ್ಮ,” ಅಂತ ಕೂಗಿದೆ. “ನಾನೇ ಎಣಿಸಿದೀನಿ. ಒಳಗೆ ನೀನೊಬ್ಳೇ.”

ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಮೇಲೆ ಅಂಗೈ ಜಾರುವ ಸದ್ದು ಶುರುವಾಯಿತು. ಬಾಗಿಲ ಹಿಂದಿನಿಂದ ಹೊರಟು, ಕಿಟಕಿ ದಾಟಿ, ಪ್ಲಾಸ್ಟಿಕ್ ಪರದೆಯನ್ನು ಸರ್ ಎಂದು ಸರಿಸಿ, ಒಲೆಯ ಮೂಲೆ ಸವರಿ, ಮಂಚದ ಕೆಳಗೆ ಪೂರ್ತಿ ಕೈಯಾಡಿಸಿ, ಮತ್ತೆ ಬಾಗಿಲಿಗೆ ಬಂದು ಮುಟ್ಟಿತು. ಆಮೇಲೆ ಅವಳು ಮೊದಲಿನಿಂದ ಇನ್ನೊಂದು ಸುತ್ತು ಶುರು ಮಾಡಿದಳು.